ರಾಕರ್ ರೇಷಿಯೊ ಹೆಚ್ಚಿಸಿದರೆ ಪವರ್ ಪುಕ್ಕಟೆ ಸಿಗುತ್ತದೆಯೆ?

ಅಮೆರಿಕದ ಹಳೆಯ ವಿ8 ಎಂಜಿನ್‌ಗಳನ್ನು ಬಿಚ್ಚಿ ಕಟ್ಟುವವರಲ್ಲಿ ಒಂದು ಮಾತು ದಶಕಗಳಿಂದ ಚಾಲ್ತಿಯಲ್ಲಿದೆ. ಹೊಸ ಕ್ಯಾಮ್‌ಶಾಫ್ಟ್ ಹಾಕುವಾಗ 1.5 ರೇಷಿಯೊದ ರಾಕರ್ ಆರ್ಮ್ ತೆಗೆದು 1.6ರದ್ದು ಹಾಕಿಬಿಡಿ, ಇನ್ನಷ್ಟು ಪವರ್ ಪುಕ್ಕಟೆಯಾಗಿ ಬರುತ್ತದೆ ಎನ್ನುವುದೇ ಆ ಮಾತು. 1955ರಲ್ಲಿ ಬಂದ ಷೆವರ್ಲೆ ಸ್ಮಾಲ್ ಬ್ಲಾಕ್ ಎಂಜಿನ್ನಿನ ಸುತ್ತ ಇದು ಹೆಚ್ಚು ಕೇಳಿಬರುತ್ತದೆ. ಇದರಲ್ಲಿ ಸ್ವಲ್ಪ ಸತ್ಯ ಇರುವುದರಿಂದಲೇ ಜನ ನಂಬುತ್ತಾರೆ, ಕೆಲವರು ಎಂಜಿನ್ ಕೆಡಿಸಿಕೊಳ್ಳುತ್ತಾರೆ.

ಈ ಎಂಜಿನ್‌ಗಳಲ್ಲಿ ಕ್ಯಾಮ್ ಇರುವುದು ಕೆಳಗೆ, ಬ್ಲಾಕಿನೊಳಗೆ. ನಮ್ಮ ಅಂಬಾಸಿಡರ್‌ನ 1,489 ಸಿ.ಸಿ. ಪೆಟ್ರೋಲ್ ಎಂಜಿನ್ ಮತ್ತು ಹಳೆಯ ಬುಲೆಟ್ ಕೂಡ ಇದೇ ಪುಶ್‌ರಾಡ್ ಜಾತಿಯವು. ಕ್ಯಾಮಿನ ಉಬ್ಬು, ಅಂದರೆ ಲೋಬ್, ಟ್ಯಾಪೆಟ್ಟನ್ನು ಎತ್ತುತ್ತದೆ. ಟ್ಯಾಪೆಟ್ ಪುಶ್‌ರಾಡನ್ನು ತಳ್ಳುತ್ತದೆ. ರಾಕರ್ ಸನ್ನೆಯಂತೆ ತಿರುಗಿ ವಾಲ್ವನ್ನು ಕೆಳಕ್ಕೆ ಒತ್ತುತ್ತದೆ. ಸನ್ನೆಯ ಎರಡು ತೋಳುಗಳ ಉದ್ದ ಬೇರೆ ಬೇರೆ; ಆ ಉದ್ದಗಳ ಅನುಪಾತವೇ ರೇಷಿಯೊ. ಹಾಗಾಗಿ ಲೋಬ್ 7.62 ಮಿ.ಮೀ. ಎತ್ತಿದರೆ 1.5ರ ರಾಕರ್ ವಾಲ್ವನ್ನು 11.43 ಮಿ.ಮೀ. ತೆರೆಯುತ್ತದೆ, 1.6ರದ್ದು 12.19 ಮಿ.ಮೀ. ವಾಲ್ವ್ ತೆರೆಯುವ ಈ ಅಳತೆಯೇ ಲಿಫ್ಟ್.

ತಪ್ಪು ಕಲ್ಪನೆ: ಕ್ಯಾಟಲಾಗಿನಲ್ಲಿ ಬರೆದ ಲಿಫ್ಟೇ ನನ್ನ ಎಂಜಿನ್ನಿನ ಲಿಫ್ಟ್.

ಸತ್ಯ: ಆ ಅಂಕಿಯನ್ನು ಸಾಮಾನ್ಯವಾಗಿ ಆ ಎಂಜಿನ್ನಿನ ಕಾರ್ಖಾನೆ ರೇಷಿಯೊ ಹಿಡಿದು ಲೆಕ್ಕ ಹಾಕಿರುತ್ತಾರೆ. ಷೆವರ್ಲೆ ಸ್ಮಾಲ್ ಬ್ಲಾಕಿಗೆ ಅದು 1.5, ಫೋರ್ಡ್ ಸ್ಮಾಲ್ ಬ್ಲಾಕಿಗೆ 1.6, ಷೆವರ್ಲೆ ಬಿಗ್ ಬ್ಲಾಕಿಗೂ 1997ರಲ್ಲಿ ಬಂದ ಎಲ್‌ಎಸ್1 ಎಂಜಿನ್ನಿಗೂ 1.7. ಹಾಗಾಗಿ ಕೇಳಬೇಕಾದದ್ದು ಲೋಬ್ ಲಿಫ್ಟ್. ಅದನ್ನು ನಿಮ್ಮ ರಾಕರ್ ರೇಷಿಯೊದಿಂದ ಗುಣಿಸಿ. ಸಾಲಿಡ್ ಟ್ಯಾಪೆಟ್ ಇದ್ದರೆ ರಾಕರಿಗೂ ವಾಲ್ವಿಗೂ ನಡುವೆ ಬಿಟ್ಟ ಸಂದನ್ನು ಕಳೆಯಿರಿ. ರಾಕರಿನ ಮೇಲೆ ಅಚ್ಚಾದ ರೇಷಿಯೊವನ್ನೂ ಪೂರ್ತಿ ನಂಬುವಂತಿಲ್ಲ. ತಗಡು ಒತ್ತಿ ಮಾಡಿದ ರಾಕರ್‌ಗಳು ಅಳತೆಯಲ್ಲಿ ಆಚೀಚೆ ಆಗುತ್ತವೆ. ರಾಕರ್ ಕಮಾನಿನಲ್ಲಿ ತಿರುಗುವುದರಿಂದ ಅದೇ ರಾಕರಿನ ರೇಷಿಯೊ ವಾಲ್ವ್ ತೆರೆಯುತ್ತ ಹೋದಂತೆ ಕೊಂಚ ಬದಲಾಗುತ್ತದೆ ಕೂಡ. ಖಚಿತ ಉತ್ತರ ಬೇಕೆಂದರೆ ವಾಲ್ವ್ ಮೇಲೆ ಡಯಲ್ ಗೇಜ್ ಇಟ್ಟು ಅಳೆಯಬೇಕು.

ತಪ್ಪು ಕಲ್ಪನೆ: ರೇಷಿಯೊ ಹೆಚ್ಚಿಸುವುದೂ ದೊಡ್ಡ ಕ್ಯಾಮ್ ಹಾಕುವುದೂ ಒಂದೇ.

ಸತ್ಯ: ರಾಕರ್ ಹಿಗ್ಗಿಸುವುದು ಎತ್ತರವನ್ನು. ಸಂದನ್ನು ಎಣ್ಣೆಯಿಂದ ತಾನೇ ತುಂಬಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್ ಇರುವಲ್ಲಿ ವಾಲ್ವ್ ಯಾವ ಕ್ಷಣಕ್ಕೆ ಸೀಟ್ ಬಿಡಬೇಕು, ಯಾವ ಕ್ಷಣಕ್ಕೆ ಮತ್ತೆ ಕೂರಬೇಕು ಎಂಬುದನ್ನು ಕ್ಯಾಮೇ ನಿರ್ಧರಿಸುತ್ತದೆ. ಇಂಟೇಕ್, ಎಕ್ಸಾಸ್ಟ್ ಲೋಬ್‌ಗಳ ನಡುವಿನ ಕೋನಕ್ಕೂ ರಾಕರಿಗೂ ಸಂಬಂಧವಿಲ್ಲ. ವಾಲ್ವ್ ಬೇಗ ತೆರೆದುಕೊಂಡು ಹೆಚ್ಚು ಹೊತ್ತು ಅಗಲವಾಗಿ ತೆರೆದಿರುತ್ತದೆ ಎನ್ನುವುದಂತೂ ನಿಜ. ಆದರೆ ಅದರಿಂದ ಲಾಭ ಎಷ್ಟು ಎಂಬುದು ಸಿಲಿಂಡರ್ ಹೆಡ್ಡಿನ ಕೈಯಲ್ಲಿದೆ. 51.3 ಮಿ.ಮೀ. ಅಗಲದ ಇಂಟೇಕ್ ವಾಲ್ವಿನ ಸುತ್ತಲಿನ ಕಿಂಡಿ ವಾಲ್ವಿನ ವಿಸ್ತೀರ್ಣಕ್ಕೆ ಸಮನಾಗುವುದು ಅಗಲದ ಕಾಲು ಭಾಗ, ಅಂದರೆ ಸುಮಾರು 12.8 ಮಿ.ಮೀ. ತೆರೆದಾಗ. ಅಲ್ಲಿಯವರೆಗೆ ಲಿಫ್ಟ್ ಹೆಚ್ಚಿಸುವುದಕ್ಕೆ ಅರ್ಥವಿದೆ, ಹೆಡ್ಡಿನ ಪೋರ್ಟ್ ಅಷ್ಟು ಗಾಳಿಯನ್ನು ಬಿಟ್ಟರೆ ಮಾತ್ರ. ಹಳೆಯ ಕಬ್ಬಿಣದ ಹೆಡ್‌ಗಳಲ್ಲಿ ಪೋರ್ಟೇ ಮೊದಲು ಸೋಲುವುದುಂಟು. ಆಗ ಹೆಚ್ಚಿನ ಲಿಫ್ಟಿನಿಂದ ಬರುವುದು ಸವೆತ ಮಾತ್ರ.

1996ರ ಕಾರ್ವೆಟ್‌ನ ಎಲ್‌ಟಿ4 ಎಂಜಿನ್ನನ್ನು ಕೆಲವರು ಸಾಕ್ಷಿಗೆ ತರುತ್ತಾರೆ. ಅದೇ ಕಾರಿನ ಸಾಮಾನ್ಯ ಎಂಜಿನ್ ಎಲ್‌ಟಿ1ರಲ್ಲಿ 1.5ರ ರಾಕರ್, 300 ಅಶ್ವಶಕ್ತಿ, ಎಲ್‌ಟಿ4ರಲ್ಲಿ 1.6ರ ರೋಲರ್ ರಾಕರ್, 330 ಅಶ್ವಶಕ್ತಿ. ಆದರೆ ಎಲ್‌ಟಿ4ಕ್ಕೆ ಹೊಸ ಹೆಡ್, ದೊಡ್ಡ ವಾಲ್ವ್, ಬೇರೆ ಕ್ಯಾಮ್, 10.4ರಿಂದ 10.8ಕ್ಕೆ ಏರಿದ ಕಂಪ್ರೆಶನ್ ಎಲ್ಲವೂ ಒಟ್ಟಿಗೆ ಬಂದವು. ಆ 30 ಅಶ್ವಶಕ್ತಿಯನ್ನು ರಾಕರಿನ ಖಾತೆಗೆ ಬರೆಯುವುದು ಅನ್ಯಾಯ.

ತಪ್ಪು ಕಲ್ಪನೆ: ಲಿಫ್ಟ್ ಹೆಚ್ಚಾದರೆ, ವಾಲ್ವ್ ಪೂರ್ತಿ ತೆರೆದಾಗ ಪಿಸ್ಟನ್ನಿಗೆ ಬಡಿಯುತ್ತದೆ.

ಸತ್ಯ: ಈ ಭಯ ತಪ್ಪು ಜಾಗದಲ್ಲಿದೆ. 88.4 ಮಿ.ಮೀ. ಸ್ಟ್ರೋಕಿನ ಷೆವರ್ಲೆ 350 ಸ್ಮಾಲ್ ಬ್ಲಾಕ್ ಎಂಜಿನ್ನಿನಲ್ಲಿ ಇಂಟೇಕ್ ವಾಲ್ವ್ ಪೂರ್ತಿ ತೆರೆಯುವ ಹೊತ್ತಿಗೆ ಪಿಸ್ಟನ್ ಮೇಲಿನ ತುದಿಯಿಂದ 60 ಮಿ.ಮೀ.ಗೂ ಹೆಚ್ಚು ಕೆಳಗಿಳಿದಿರುತ್ತದೆ. ನಿಜವಾದ ಅಪಾಯ ಎರಡೂ ವಾಲ್ವ್‌ಗಳು ಸ್ವಲ್ಪ ಸ್ವಲ್ಪ ತೆರೆದಿರುವ ಸಂಧಿಕಾಲದಲ್ಲಿದೆ. ಮೇಲಿನ ತುದಿಗೆ ಸುಮಾರು 10 ಡಿಗ್ರಿ ಮೊದಲು ಎಕ್ಸಾಸ್ಟ್ ವಾಲ್ವಿಗೂ ಸುಮಾರು 10 ಡಿಗ್ರಿ ನಂತರ ಇಂಟೇಕ್ ವಾಲ್ವಿಗೂ ಪಿಸ್ಟನ್ ಅತಿ ಹತ್ತಿರ ಬರುತ್ತದೆ. ಆಗ ಪಿಸ್ಟನ್ ಮೇಲಿನ ತುದಿಯಿಂದ 1 ಮಿ.ಮೀ.ನಷ್ಟೂ ದೂರ ಇರುವುದಿಲ್ಲ. ಆ ಕ್ಷಣದಲ್ಲಿ ಲೋಬ್ 2 ಮಿ.ಮೀ. ಎತ್ತಿದ್ದರೆ 1.5ರಿಂದ 1.6ಕ್ಕೆ ಹೋದಾಗ ಕಳೆದುಕೊಳ್ಳುವ ಅಂತರ 0.2 ಮಿ.ಮೀ. ಮಾತ್ರ. ವಾಲ್ವನ್ನು ಹೆಚ್ಚು ಹೊತ್ತು ತೆರೆದಿಡುವ, ಅಂದರೆ ದೀರ್ಘ ಡ್ಯುರೇಶನ್ನಿನ ಹೊಸ ಕ್ಯಾಮ್ ಇದಕ್ಕಿಂತ ಹೆಚ್ಚಿನ ಜಾಗವನ್ನು ತಿನ್ನಬಲ್ಲದು. ಆದ್ದರಿಂದ ಕ್ಯಾಮ್, ರಾಕರ್ ಎರಡನ್ನೂ ಕೂಡಿಸಿಯೇ ಅಳೆಯಬೇಕು. ಇಂಟೇಕಿಗೆ ಕನಿಷ್ಠ 2 ಮಿ.ಮೀ., ಎಕ್ಸಾಸ್ಟಿಗೆ 2.5 ಮಿ.ಮೀ. ಉಳಿಯಲಿ ಎನ್ನುವುದು ಎಂಜಿನ್ ಕಟ್ಟುವವರಲ್ಲಿ ರೂಢಿಯ ಲೆಕ್ಕ.

ಪೂರ್ತಿ ತೆರೆದಾಗ ಪೆಟ್ಟು ತಿನ್ನುವುದು ವಾಲ್ವನ್ನು ಮುಚ್ಚುವ ಸ್ಪ್ರಿಂಗ್. ಅದರ ಸುರುಳಿಗಳು ಒಂದಕ್ಕೊಂದು ಅಂಟುವ ಮೊದಲು ಸುಮಾರು 1.5 ಮಿ.ಮೀ. ಸಂದು ಉಳಿದಿರಬೇಕು. ಮೇಲಿನ ಉದಾಹರಣೆಯಲ್ಲಿ ರಾಕರ್ ಬದಲಾವಣೆ ಒಂದರಿಂದಲೇ ಲಿಫ್ಟ್ 0.76 ಮಿ.ಮೀ. ಏರಿತು, ಅಂದರೆ ಆ ಸಂದಿನ ಅರ್ಧ ಹೋಯಿತು. ಸ್ಪ್ರಿಂಗಿನ ಟೋಪಿ ಕೆಳಗಿನ ವಾಲ್ವ್ ಸೀಲಿಗೆ ಬಡಿಯುತ್ತದೆಯೆ ಎಂದೂ ನೋಡಬೇಕು.

ತಪ್ಪು ಕಲ್ಪನೆ: ರಾಕರ್ ಬದಲಿಸುವುದು ಬೋಲ್ಟ್ ಬಿಚ್ಚಿ ಹಾಕುವ ಕೆಲಸ, ಬೇರೇನೂ ಮುಟ್ಟಬೇಕಿಲ್ಲ.

ಸತ್ಯ: ಸ್ಮಾಲ್ ಬ್ಲಾಕಿನ 1.6 ರಾಕರಿನಲ್ಲಿ ಪುಶ್‌ರಾಡ್ ಕೂರುವ ಗುಳಿ, ರಾಕರನ್ನು ಹಿಡಿದಿಡುವ ಸ್ಟಡ್ಡಿನ ಕಡೆಗೆ ಸರಿದಿರುತ್ತದೆ. ಪುಶ್‌ರಾಡ್ ವಾಲಿ ಹೆಡ್ಡಿನ ತೂತಿನ ಅಂಚಿಗೆ ಉಜ್ಜಬಹುದು. ಹಾಗಾದರೆ ತೂತನ್ನು ಉದ್ದ ಮಾಡಬೇಕು. ಹೊರೆಯೂ ಏರುತ್ತದೆ. ಸ್ಪ್ರಿಂಗ್ 130 ಕಿಲೊ ಬಲದಿಂದ ಒತ್ತಿದರೆ ಪುಶ್‌ರಾಡಿನ ಮೇಲೆ 1.5ರಲ್ಲಿ 195 ಕಿಲೊ, 1.6ರಲ್ಲಿ 208 ಕಿಲೊ ಬೀಳುತ್ತದೆ. ಈ ಹೊರೆಯನ್ನು ಕೊನೆಗೆ ಹೊರುವುದು ಟ್ಯಾಪೆಟ್ ಮತ್ತು ಲೋಬ್. ಟ್ಯಾಪೆಟ್ಟಿನ ತಳ ಲೋಬಿನ ಮೇಲೆ ನೇರವಾಗಿ ಉಜ್ಜುವ ಫ್ಲಾಟ್ ಟ್ಯಾಪೆಟ್ ಎಂಜಿನ್ನಿನ ಹೊಸ ಕ್ಯಾಮ್ ಮೊದಲ ಕೆಲವು ನಿಮಿಷಗಳಲ್ಲೇ ಸವೆದು ಹಾಳಾಗಬಲ್ಲದು. ಅದಕ್ಕೇ ಅನುಭವಿಗಳು ಆ ಮೊದಲ ಓಟಕ್ಕೆ ಜೋಡಿ ಸ್ಪ್ರಿಂಗ್ ಇದ್ದರೆ ಒಳಗಿನದನ್ನು ತೆಗೆದಿಡುತ್ತಾರೆ, ಇಲ್ಲವೆ ಕಡಿಮೆ ರೇಷಿಯೊದ ರಾಕರ್ ಹಾಕುತ್ತಾರೆ.

ಹೆಚ್ಚಿನ ರೇಷಿಯೊ ವಾಲ್ವಿನ ವೇಗೋತ್ಕರ್ಷವನ್ನೂ ಹೆಚ್ಚಿಸುತ್ತದೆ. ಸ್ಪ್ರಿಂಗ್ ಸಾಲದಿದ್ದರೆ ಹೆಚ್ಚಿನ ಆರ್‌ಪಿಎಂನಲ್ಲಿ ವಾಲ್ವ್ ಹಿಡಿತ ತಪ್ಪಿ ಪುಟಿಯುತ್ತದೆ. 2006ರ ಕಾರ್ವೆಟ್ ಜೀ06ರ ಎಲ್‌ಎಸ್7 ಎಂಜಿನ್ನಿಗೆ ಕಾರ್ಖಾನೆಯೇ 1.8ರ ರಾಕರ್ ಕೊಟ್ಟಿತ್ತು, ಜೊತೆಗೆ ತೂಕ ಇಳಿಸಲು ಟೈಟಾನಿಯಂ ಇಂಟೇಕ್ ವಾಲ್ವ್‌ಗಳನ್ನೂ. ಮೊದಲನೆಯದನ್ನು ಮಾತ್ರ ನಕಲು ಮಾಡಿ ಎರಡನೆಯದನ್ನು ಬಿಡಬಾರದು.

ಇನ್ನು ರೋಲರ್ ರಾಕರ್ ಹಾಕಿದ ಮಾತ್ರಕ್ಕೆ ರೇಷಿಯೊ ಹೆಚ್ಚುತ್ತದೆ ಎಂಬ ಕಲ್ಪನೆ. ಹೆಚ್ಚುವುದಿಲ್ಲ. ರೋಲರ್ ಕಡಿಮೆ ಮಾಡುವುದು ಘರ್ಷಣೆಯನ್ನು. 1.5ರ ರೋಲರ್ ರಾಕರ್‌ಗಳೂ ಧಾರಾಳವಾಗಿ ಸಿಗುತ್ತವೆ.

ಹಾಗಾದರೆ ಹೆಚ್ಚಿನ ರೇಷಿಯೊ ಎಲ್ಲಿ ಸರಿ? ಎರಡು ಕಡೆ. ಇರುವ ಕ್ಯಾಮನ್ನು ಹೊರತೆಗೆಯದೆ ಸ್ವಲ್ಪ ಲಿಫ್ಟ್ ಬೇಕಾದಾಗ ಒಂದು. ಫ್ಲಾಟ್ ಟ್ಯಾಪೆಟ್ ಎಂಜಿನ್ನಿನಲ್ಲಿ ಇನ್ನೊಂದು: ಅಲ್ಲಿ ಟ್ಯಾಪೆಟ್ಟಿನ ಅಗಲ ಲೋಬಿನ ವೇಗಕ್ಕೆ ಮಿತಿ ಹಾಕುತ್ತದೆ, ಷೆವರ್ಲೆಯದು ಬರೀ 21.4 ಮಿ.ಮೀ. ಲೋಬ್ ಕೊಡಲಾಗದ ವೇಗವನ್ನು ಅಲ್ಲಿ ರಾಕರ್ ಕೊಡುತ್ತದೆ. ಉಳಿದಂತೆ, ಹೇಗೂ ಹೊಸ ಕ್ಯಾಮ್ ತರಿಸುತ್ತಿರುವವರು ಬೇಕಾದ ಲಿಫ್ಟನ್ನು ಲೋಬಿನಲ್ಲೇ ಕೇಳಿ ಪಡೆಯಿರಿ, ಕಾರ್ಖಾನೆಯ ರೇಷಿಯೊ ಉಳಿಸಿಕೊಳ್ಳಿ. ಬೇರೆ ರೇಷಿಯೊ ಹಾಕುವುದೇ ಆದರೆ ಅದನ್ನು ಕ್ಯಾಮ್ ಆರ್ಡರ್ ಮಾಡುವಾಗಲೇ ತಯಾರಕರಿಗೆ ತಿಳಿಸಿ.