ಮೀಟರಿನ ಕಿವಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಜಾತ್ರೆಯಲ್ಲಿ ಕರಡಿ ಮಜಲಿನ ಮೇಳ ಕಂಡರೆ ಒಂದು ಗಳಿಗೆ ನಿಲ್ಲಿ. ಊದುವ ಸನಾದಿಯ ದನಿ ಕಿವಿಗೆ ಚುಚ್ಚುತ್ತದೆ, ಕರಡಿ ಎಂಬ ಚರ್ಮವಾದ್ಯದ ಏಟು ಎದೆಗೆ ಬಡಿಯುತ್ತದೆ. ಯಾವುದು ಜೋರು? ಗಾಳಿಯನ್ನು ಕೇಳಿದರೆ ಒಂದು ಉತ್ತರ, ಕಿವಿಯನ್ನು ಕೇಳಿದರೆ ಇನ್ನೊಂದು.

ಲೆಕ್ಕದ ಮಾತು ಬೇಗ ಮುಗಿಸೋಣ. ಸದ್ದೆಂದರೆ ಗಾಳಿಯ ಒತ್ತಡದ ಏರಿಳಿತ. ಅದು ಸೆಕೆಂಡಿಗೆ ಎಷ್ಟು ಸಲವೋ ಅಷ್ಟು ಹರ್ಟ್ಸ್. ಒತ್ತಡದ ಅಳತೆ ಡೆಸಿಬೆಲ್, ಅದರ ಸೊನ್ನೆ 20 ಮೈಕ್ರೊಪಾಸ್ಕಲ್. 10 ಡೆಸಿಬೆಲ್ ಏರಿದರೆ ಶಕ್ತಿ ಹತ್ತು ಪಟ್ಟು. ಹಾಗಾಗಿ 80 ಡೆಸಿಬೆಲ್‌ನ ಎರಡು ಸ್ಪೀಕರ್ ಕೂಡಿದರೆ 160 ಆಗದು, ಸುಮಾರು 83 ಆದೀತು.

ಈಗ ಕಿವಿ. 1933ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಬೇರೆ ಬೇರೆ ಹರ್ಟ್ಸ್‌ನ ಸ್ವರಗಳನ್ನು ಜನರಿಗೆ ಕೇಳಿಸಿ, ಯಾವಾಗ ಸಮ ಜೋರೆನಿಸುತ್ತವೆ ಎಂದು ನೋಡಿದರು. 1000 ಹರ್ಟ್ಸ್‌ನ 40 ಡೆಸಿಬೆಲ್‌ಗೆ ಸಾಟಿಯಾಗಲು 50 ಹರ್ಟ್ಸ್‌ನ ಸ್ವರ 70 ದಾಟಬೇಕು! ತಗ್ಗು ಸ್ವರಕ್ಕೆ ನಮ್ಮ ಕಿವಿ ಮಂದ. 2000ದಿಂದ 5000 ಹರ್ಟ್ಸ್ ನಡುವೆ ಮಾತ್ರ ಬಲು ಚುರುಕು. ಕಿವಿಯ ನಾಳವೇ ಅಲ್ಲಿ ಕೊಳಲಿನಂತೆ ಅನುರಣಿಸುತ್ತದೆ.

ಸದ್ದು ಅಳೆಯುವ ಮೀಟರಿಗೂ ಇಂಥ ಮಂದತನ ಕಲಿಸಿದ್ದೇ ‘ಎ’ ತೂಕ. 50 ಹರ್ಟ್ಸ್‌ನಲ್ಲಿ ಅದು ಸುಮಾರು 30 ಡೆಸಿಬೆಲ್ ಕಳೆಯುತ್ತದೆ, 1000ದಲ್ಲಿ ಏನೂ ಕಳೆಯುವುದಿಲ್ಲ. ನಮ್ಮ ದೇಶದ 2000ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಎಂದು ಹಾಕಿದ ಮಿತಿ ಈ ‘ಎ’ ಡೆಸಿಬೆಲ್‌ನಲ್ಲೇ ಇದೆ.

ಜನ ಎಡವುವುದು ಇಲ್ಲಿ: ‘ಎ’ ಎಂದರೆ ಮನುಷ್ಯನ ಕಿವಿ, ಮುಗಿಯಿತು ಎಂದುಕೊಳ್ಳುತ್ತಾರೆ. ಅಲ್ಲ. ಅದು ಮೆಲುಸದ್ದು ಕೇಳುವ ಹೊತ್ತಿನ ಕಿವಿ. ಸದ್ದು ಏರಿದಂತೆ ಕಿವಿಯ ಮಂದತನ ಕರಗುತ್ತದೆ, ತಗ್ಗು ಸ್ವರವೂ ಭಾರವಾಗಿ ಕೇಳುತ್ತದೆ. ಆ ಹೊತ್ತಿಗೆಂದೇ ಬಹುತೇಕ ಏನನ್ನೂ ಕಳೆಯದ ‘ಸಿ’ ತೂಕ ಇದೆ. ಮೆರವಣಿಗೆಯ ಡಿಜೆ 50 ಹರ್ಟ್ಸ್‌ನಲ್ಲಿ 100 ಡೆಸಿಬೆಲ್ ಗುಡುಗಿದರೆ ‘ಸಿ’ 99ರ ಹತ್ತಿರ ತೋರಿಸುತ್ತದೆ, ‘ಎ’ ಬರೀ 70 ಎನ್ನುತ್ತದೆ. ಶಕ್ತಿಯ ಲೆಕ್ಕದಲ್ಲಿ ಸಾವಿರ ಪಟ್ಟು ಮಾಯ! ಗೋಡೆಯೂ ಇದಕ್ಕೆ ಜೊತೆಗೂಡುತ್ತದೆ. ಅದು ಹಾಡಿನ ಏರುದನಿಯನ್ನು ತಡೆದಷ್ಟು ತಗ್ಗುದನಿಯನ್ನು ತಡೆಯದು. ಬಾಗಿಲು ಹಾಕಿ ಮಲಗಿದವರಿಗೆ ಹಾಡು ಹೋಗಿ ದಬ್ ದಬ್ ಉಳಿಯುತ್ತದೆ. ‘ಎ’ ಮೀಟರ್ ಹೆಚ್ಚಾಗಿ ಕಳೆದುಹಾಕುವುದೂ ಅದನ್ನೇ. ‘ಅಂಕಿ ಕಡಿಮೆ ಇದೆಯಲ್ಲ’ ಎಂದು ಮುದುಕರ ದೂರನ್ನು ತಳ್ಳಿಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಹೈಸ್ಕೂಲಿನ ವಿಜ್ಞಾನ ಮಾಸ್ತರರಲ್ಲಿ ಒಂದು ಬೇಡಿಕೆ. ಮುಂದಿನ ಜಾತ್ರೆಗೆ ಮಕ್ಕಳೊಂದಿಗೆ ಧ್ವನಿಮಾಪಕ ಒಯ್ಯಿರಿ. ಫೋನಿನ ಆಪ್ ಆದರೂ ಆದೀತು, ಆದರೆ ಅದರ ಮೈಕು ಮಾತಿಗೆಂದು ಮಾಡಿದ್ದು, ಅತಿ ತಗ್ಗನ್ನು ಪೂರ್ತಿ ಹಿಡಿಯದು. ಸನಾದಿ ಒಂದೇ ನುಡಿಯುವಾಗ ‘ಎ’, ‘ಸಿ’ ಎರಡನ್ನೂ ಬರೆದುಕೊಳ್ಳಲಿ, ಅಂಕಿಗಳು ಅಕ್ಕಪಕ್ಕ ಇರುತ್ತವೆ. ಆಮೇಲೆ ಕರಡಿ ಒಂದನ್ನೇ ಬಾರಿಸಲು ಹೇಳಿ ಮತ್ತೆ ಬರೆಯಲಿ. ಕೊನೆಗೆ ಹತ್ತಿರದ ಯಾವುದಾದರೂ ಮನೆಯೊಳಗೆ ಹೋಗಿ, ಬಾಗಿಲು ಮುಚ್ಚಿ ಇನ್ನೊಮ್ಮೆ.