ಕೆಂಪು ಗೆರೆಯೊಳಗಿನ ಹಳ್ಳಿ

ಪೀತಮ್‌ಪುರದಲ್ಲಿ ಬಿಡಾರ ಮಾಡಿರುವ ನಾವು ಬೆಳಗಾದರೆ ಮೆಟ್ರೋ ಹಿಡಿಯುವ ಅವಸರದಲ್ಲಿ, ಕಾಲ ಕೆಳಗಿನ ನೆಲ ಒಂದಾನೊಂದು ಕಾಲಕ್ಕೆ ಹೊಲವಾಗಿತ್ತೆಂಬುದನ್ನು ಮರೆತೇ ಬಿಡುತ್ತೇವೆ. ಬಡಾವಣೆಗೆ ಹೆಸರು ಕೊಟ್ಟ ಹಳ್ಳಿ ಮಾತ್ರ ತನ್ನ ಇಕ್ಕಟ್ಟು ಗಲ್ಲಿಗಳೊಡನೆ ಇಂದಿಗೂ ನಮ್ಮ ನಡುವೆಯೇ ಇದೆ. ದಿಲ್ಲಿಯ ಹಳ್ಳಿಗಳ ವಾಸದ ನೆಲವನ್ನು ಕಂದಾಯದವರು 1908ರಲ್ಲಿ ನಕ್ಷೆಯ ಮೇಲೆ ಕೆಂಪು ಗೆರೆಯಿಂದ ಗುರುತಿಸಿದರು. ಅದೇ ‘ಲಾಲ್ ಡೋರಾ’. ಗೆರೆಯೊಳಗಿನ ಮನೆಗಳು ಉಳಿದವು. ಹೊರಗಿನ ಹೊಲಗಳು ನಗರಕ್ಕೆ ಸಂದವು.

ನಗರಕ್ಕೆ ಅಂಕೆಯೇ ಇರಲಿಲ್ಲವೆಂದಲ್ಲ. 1957ರಲ್ಲಿ ದಿಲ್ಲಿ ಅಭಿವೃದ್ಧಿ ಪ್ರಾಧಿಕಾರ ಸ್ಥಾಪನೆಯಾಯಿತು. 1962ರ ಮಹಾಯೋಜನೆ ನಗರದ ಸುತ್ತ ಒಂದು ಮೈಲಿ ಅಗಲದ ಹಸಿರು ಪಟ್ಟಿಯನ್ನು ವಿಧಿಸಿತು. ಜನ ಹೆಚ್ಚಿದಂತೆ ಆ ಪಟ್ಟಿ ಅಲ್ಲಲ್ಲಿ ಕರಗಿ ಮನೆಗಳಾದವು. ಬೆಂಗಳೂರಿನ 1984ರ ಯೋಜನೆಯ ಹಸಿರು ಪಟ್ಟಿಯೂ ಇದೇ ದಾರಿ ಹಿಡಿಯಿತು. ನಕ್ಷೆಯ ಬಣ್ಣಕ್ಕೆ ಕಾಯಿದೆಯ ಕಾವಲೂ ಇದ್ದಲ್ಲಿ ನೆಲ ಹೆಚ್ಚು ಭದ್ರ. ಕಬ್ಬನ್ ಪಾರ್ಕು, ಲಾಲ್‌ಬಾಗುಗಳಿಗೆ 1975ರ ಉದ್ಯಾನ ಸಂರಕ್ಷಣಾ ಕಾಯಿದೆಯ ಬೇಲಿಯಿದೆ.

ಕಚೇರಿಯಲ್ಲಿ ಕಡತ ನೋಡಿಯೇ ಹೊಟ್ಟೆ ಹೊರೆಯುವ ನಾವು, ಊರಿನಲ್ಲಿ ನಿವೇಶನ ಕೊಳ್ಳುವಾಗ ಕಡತವನ್ನೇ ನೋಡುವುದಿಲ್ಲ! ನಿವೃತ್ತಿಯ ಆಸೆಯಿಂದ ಬೆಂಗಳೂರಿನಾಚೆ ಅಗ್ಗದ ಜಾಗಕ್ಕೆ ಮುಂಗಡ ಕೊಡುವ ಮೊದಲು ಕೇಳೋಣ: ಅದು ಯಾವ ವಲಯದ ನೆಲ? ಭೂ ಪರಿವರ್ತನೆಯಾಗಿದೆಯೆ? ವಿನ್ಯಾಸಕ್ಕೆ ಯೋಜನಾ ಪ್ರಾಧಿಕಾರದ ಒಪ್ಪಿಗೆಯುಂಟೆ? ಈ ಮೂರು ಪ್ರಶ್ನೆ ನಮ್ಮ ಗಂಟನ್ನೂ ಉಳಿಸೀತು, ಒಂದಿಷ್ಟು ರಾಗಿ ಹೊಲವನ್ನೂ ಉಳಿಸೀತು.

ಹೊಲದ ಮೇಲೆ ಕಟ್ಟಿದ ಮನೆಯಲ್ಲಿ ಕುಳಿತು ಇದನ್ನು ಬರೆಯಲು ನಮಗೆ ಸಂಕೋಚವೇ. ಆದರೂ ಬರೆಯದಿರುವುದು ಇನ್ನೂ ದೊಡ್ಡ ತಪ್ಪಾದೀತು.