ಇ-ಪುಸ್ತಕಗಳ ಮನೆ ಬದಲಾವಣೆ

ನಮ್ಮ ಬಳಗದಲ್ಲಿ ಹಳೆಯ ಕಿಂಡಲ್ ಬಿಟ್ಟು ಕೋಬೋ ಕೊಂಡವರಿದ್ದಾರೆ, ಐಪ್ಯಾಡಿಗೆ ಹೊರಳಿದವರಿದ್ದಾರೆ. ಕೂಡಿಟ್ಟ ಪುಸ್ತಕಗಳನ್ನು ಸಾಗಿಸುವುದು ಹೇಗೆ ಎಂಬುದೇ ಎಲ್ಲರ ಪ್ರಶ್ನೆ. ಇಂಗ್ಲಿಷ್ ಪುಸ್ತಕಗಳಾದರೆ ಉತ್ತರ ಸುಲಭ. ಕ್ಯಾಲಿಬರ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ ಮೊಬಿ ಕಡತ ಇಪಬ್ ಆಗುತ್ತದೆ. 2022ರಿಂದ ಕಿಂಡಲ್ಲಿಗೂ ಇಪಬ್ ಕಳುಹಿಸಬಹುದು. (ಬೀಗ ಹಾಕಿ ಮಾರಿದ ಪುಸ್ತಕಗಳ ಮಾತು ಬೇರೆ.) ಕನ್ನಡ ಪುಸ್ತಕಗಳ ತೊಡಕು ಇರುವುದು ಕಡತದ ಒಳಗಿನ ಅಕ್ಷರಗಳಲ್ಲಿ.

ಇಪಬ್ ಎಂದರೆ ಗಂಟು ಕಟ್ಟಿದ ಜಾಲಪುಟಗಳು, ಅಷ್ಟೇ. ಪರದೆ ಚಿಕ್ಕದಾದರೆ ಸಾಲುಗಳು ತಾವೇ ಹೊಂದಿಕೊಳ್ಳುತ್ತವೆ. ಪಿಡಿಎಫ್ ಹಾಗಲ್ಲ, ಅದು ಅಚ್ಚಾದ ಹಾಳೆಯ ಪಡಿಯಚ್ಚು. ಅದರಲ್ಲೂ ನಮ್ಮ ಬಳಿಯಿರುವ ಅನೇಕ ಕನ್ನಡ ಪಿಡಿಎಫ್‌ಗಳು ಯುನಿಕೋಡ್ ರೂಢಿಗೆ ಬರುವ ಮುಂಚಿನ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿವೆ. ಅವುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದರು. ಕಣ್ಣಿಗೆ ಕನ್ನಡ, ಗಣಕಕ್ಕೆ ಮಾತ್ರ ಅರ್ಥವಿಲ್ಲದ ಲ್ಯಾಟಿನ್!

ಪರೀಕ್ಷೆ ಸುಲಭ. ಪಿಡಿಎಫ್‌ನ ಒಂದು ಸಾಲನ್ನು ನಕಲು ಮಾಡಿ ಮಿಂಚಂಚೆಗೆ ಅಂಟಿಸಿ. ಕನ್ನಡವೇ ಬಂದರೆ ಅದು ಯುನಿಕೋಡ್. ಕೊಂಬು ಬಾಲಗಳ ಲ್ಯಾಟಿನ್ ಬಂದರೆ ಹಳೆಯ ಫಾಂಟು. ಏನೂ ಆಯ್ಕೆಯಾಗದಿದ್ದರೆ ಸ್ಕ್ಯಾನ್ ಮಾಡಿದ ಚಿತ್ರ. ಅದನ್ನು ದೊಡ್ಡ ಪರದೆಯಲ್ಲಿ ಹಾಗೇ ಓದುವುದು ವಾಸಿ.

ಹಳೆಯ ಫಾಂಟಿನ ಪಠ್ಯವನ್ನು ಯುನಿಕೋಡಿಗೆ ತರುವ ಪರಿವರ್ತಕಗಳಿವೆ; ಬರಹದ ಜೊತೆಗೇ ಒಂದು ಬರುತ್ತದೆ. ಆದರೆ ಪರಿವರ್ತಕದ ಮೇಲೆ ಭಾರ ಹಾಕಿ ಕೂರಬೇಡಿ. ಹಳೆಯ ಫಾಂಟುಗಳಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯುನಿಕೋಡಿನಲ್ಲಿ ರಕಾರ ಮೊದಲು. ‘ಸೂರ್ಯ’ ಕೆಡುವುದು ಅಲ್ಲೇ. ನಡುವೆ ಇಂಗ್ಲಿಷ್ ಪದವಿದ್ದರೆ ಅದನ್ನೂ ಕನ್ನಡವೆಂದೇ ತಿಳಿದು ಕಲಸುಮೇಲೋಗರ ಮಾಡುತ್ತದೆ. ಕರಡು ತಿದ್ದುವ ಚಾಳಿ ನಮಗಿದ್ದೇ ಇದೆಯಲ್ಲ!

ಇನ್ನೊಂದು ಮೆಟ್ಟಿಲಿದೆ. ಓದುವ ಸಾಧನದಲ್ಲಿ ಕನ್ನಡ ಫಾಂಟು ಇಲ್ಲದಿದ್ದರೆ ಬರೀ ಚೌಕಗಳು ಕಾಣುತ್ತವೆ. ನೋಟೋ ಸೆರಿಫ್ ಕನ್ನಡ ಮುಕ್ತ ಫಾಂಟು. ಕ್ಯಾಲಿಬರ್‌ನಲ್ಲಿ ಪರಿವರ್ತಿಸುವಾಗ ಅದನ್ನು ಪುಸ್ತಕದೊಳಗೇ ಸೇರಿಸಿಬಿಡಿ. ಅಷ್ಟಾದರೂ ಕೆಲವು ಹಳೆಯ ಸಾಧನಗಳಲ್ಲಿ ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲೇ ನಿಲ್ಲುತ್ತದೆ. ಅದಕ್ಕೆ ಫಾಂಟಿನಲ್ಲಿ ಮದ್ದಿಲ್ಲ.

ಇನ್ನು ಬೀಗದ ಮಾತು. ಮೈಕ್ರೋಸಾಫ್ಟ್ 2019ರಲ್ಲಿ ತನ್ನ ಇ-ಪುಸ್ತಕದಂಗಡಿ ಮುಚ್ಚಿದಾಗ ಹಣ ವಾಪಸು ಕೊಟ್ಟಿತು, ಆದರೆ ಕೊಂಡ ಪುಸ್ತಕಗಳು ಓದುಗರ ಕೈತಪ್ಪಿದವು. 2025ರ ಫೆಬ್ರವರಿಯಲ್ಲಿ ಅಮೆಜಾನ್, ಕಿಂಡಲ್ ಪುಸ್ತಕಗಳನ್ನು ಗಣಕಕ್ಕೆ ಇಳಿಸಿಕೊಂಡು ಯುಎಸ್‌ಬಿ ಮೂಲಕ ಸಾಗಿಸುವ ಸೌಲಭ್ಯ ನಿಲ್ಲಿಸಿತು. ಆದ್ದರಿಂದ ಕನ್ನಡ ಪುಸ್ತಕ ಕೊಳ್ಳುವ ಮುನ್ನ ಇಪಬ್ ಕಡತವನ್ನೇ ಕೊಡುತ್ತಾರೋ, ಅವರ ಆ್ಯಪ್‌ನಲ್ಲಿ ಮಾತ್ರ ಓದಬೇಕೋ ಎಂದು ಪ್ರಕಾಶಕರನ್ನು ಕೇಳಿ.

ಸಾಗಿಸುವಾಗ ಮೊದಲು ಒಂದು ಚಿಕ್ಕ ಕಥಾಸಂಕಲನ ಕಳುಹಿಸಿ, ‘ಲಕ್ಷ್ಮಿ’, ‘ಸ್ತ್ರೀ’, ‘ರಾಷ್ಟ್ರ’ ಹುಡುಕಿ ನೋಡಿ. ಮೂರೂ ಸರಿಯಾಗಿ ಕಂಡರೆ ಉಳಿದವನ್ನು ಕಳುಹಿಸಿ. ಮೂಲ ಪಿಡಿಎಫ್ ಅಳಿಸಬೇಡಿ.